ಜಂಬೆಯ ಬೆಣೆ, ಬರ್ಮಿಂಗ್‌ಹ್ಯಾಮಿನ ಸ್ಕ್ರೂ

ಅಂಗಡಿಗೆ ಬಂದು ಸ್ಕ್ರೂ ಕೇಳಿದವರನ್ನು ನಾನು ಮೊದಲು ಕೇಳುವುದು "ಮರ ಯಾವುದು?" ಅಂತ. ಬಹಳ ಜನಕ್ಕೆ ಇದು ಅಧಿಕಪ್ರಸಂಗವಾಗಿ ಕಾಣುತ್ತದೆ. ದುಡ್ಡು ಕೊಟ್ಟು ಸ್ಕ್ರೂ ಒಯ್ಯುವವನ ಹತ್ತಿರ ಮರದ ಜಾತಕ ಯಾಕೆ ಕೇಳಬೇಕು?

ಮೊನ್ನೆ ಬಂದ ಹುಡುಗನಿಗೂ ಹಾಗೇ ಅನ್ನಿಸಿತು. ಬೆಂಗಳೂರಿನ ಕೆಲಸ ಬಿಟ್ಟು ಬಂದು ತಾಳಗುಪ್ಪದ ಆಚೆ ಹೋಮ್‌ಸ್ಟೇ ಕಟ್ಟಿಸುತ್ತಿದ್ದಾನೆ. ಮೊಬೈಲು ಮುಂದೆ ಹಿಡಿದು ಚಿತ್ರ ತೋರಿಸಿದ. ಹಳದಿ ಲೇಪನದ, ಅರ್ಧ ಗೇಣಿಗಿಂತ ಉದ್ದದ ಸ್ಕ್ರೂ. ತಲೆಯಲ್ಲಿ ಆರು ಮೂಲೆಯ ನಕ್ಷತ್ರದ ಗುಳಿ.

"ಸ್ಟ್ರಕ್ಚರಲ್ ಸ್ಕ್ರೂ ಅಂಕಲ್. ತೂತು ಕೊರೆಯೋದೇ ಬೇಡ. ಡ್ರಿಲ್ಲಿಗೆ ಹಾಕಿ ಒತ್ತಿದರೆ ತಾನೇ ಹೋಗುತ್ತೆ. ಆರು ಎಂಎಂ, ನೂರಿಪ್ಪತ್ತು ಉದ್ದ. ಇನ್ನೂರು ಬೇಕು."

"ಮರ ಯಾವುದಪ್ಪಾ?"

"ಒಂದು ಹಳೇ ಮನೆ ತಗೊಂಡಿದೀನಿ, ಅದರದ್ದು. ಕಪ್ಪಗೆ, ಕಬ್ಬಿಣದ ಹಾಗೆ ಭಾರ ಇದೆ. ಮತ್ತಿ ಅಂದ್ರು."

"ಹಾಗಾದರೆ ತೂತು ಕೊರೆಯದೆ ನಡೆಯೋದಿಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ತೂತು ಬೇಡ ಅಂತ ಆ ಸ್ಕ್ರೂ ಮಾಡಿದವರೇ ಹೇಳಿದ್ದಾರಲ್ಲ! ಹೇಳಿದ್ದಾರೆ, ಸುಳ್ಳೂ ಅಲ್ಲ. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಯುರೋಪಿನ ಸ್ಪ್ರೂಸು, ಪೈನು. ಒಂದು ಘನ ಮೀಟರ್ ಸ್ಪ್ರೂಸ್ ತೂಗುವುದು ಸುಮಾರು 450 ಕಿಲೋ. ಒಣಗಿದ ಮತ್ತಿ 850 ದಾಟುತ್ತದೆ. ಬಾಳೆದಿಂಡಿಗೆ ಚಾಕು ಹಾಕಿದ ಕೈಯಲ್ಲೇ ಹಲಸಿನ ದಿಂಡಿಗೆ ಹಾಕಿದರೆ ಆಗುತ್ತದೆಯೇ? ಒಂದೋ ಮರ ಸೀಳುತ್ತದೆ, ಇಲ್ಲಾ ಸ್ಕ್ರೂ ಕುತ್ತಿಗೆ ಮುರಿದುಕೊಳ್ಳುತ್ತದೆ.

ಈ ಮಾತು ಹೇಳಲು ನನಗೆ ಸ್ವಲ್ಪ ಅಧಿಕಾರ ಇದೆ. ನಮ್ಮ ಅಜ್ಜ ಕಂಬ, ತೊಲೆಗಳಿಗೆ ಕಬ್ಬಿಣ ಮುಟ್ಟಿಸದೆ ಮನೆ ಕಟ್ಟಿದ ಆಚಾರಿ. ಅಪ್ಪಯ್ಯ ಉಳಿ ಕೆಳಗಿಟ್ಟು ಸಾಗರದ ಪೇಟೆಯಲ್ಲಿ ಮೊಳೆ, ಸ್ಕ್ರೂ ಮಾರಲು ಕೂತವನು. ನಾನು ಅದೇ ಗಲ್ಲಾದ ಮೇಲೆ ಕೂತು ನಲವತ್ತು ವರ್ಷ ದಾಟಿತು.

ಅಜ್ಜ ಬೆಣೆ ಮಾಡುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದಕ್ಕೆ ಜಂಬೆ ಮರವೇ ಆಗಬೇಕು. ಒಂದು ಗೇಣು ಉದ್ದದ ತುಂಡನ್ನು ಕೊರಡಿನ ಮೇಲೆ ನಿಲ್ಲಿಸಿ ಮಚ್ಚಿನಿಂದ ಸೀಳುತ್ತಿದ್ದ. ಗರಗಸ ಹಾಕುತ್ತಿರಲಿಲ್ಲ. ಗರಗಸ ನಾರನ್ನು ಕೇಳದೆ ತನ್ನ ದಾರಿಯಲ್ಲಿ ಹೋಗುತ್ತದೆ, ಅಲ್ಲಲ್ಲಿ ಕತ್ತರಿಸಿಬಿಡುತ್ತದೆ. ಸೀಳಿದರೆ ನಾರು ತಾನಿದ್ದ ದಾರಿಯಲ್ಲೇ ಬಿಡುತ್ತದೆ, ತುದಿಯಿಂದ ತುದಿಗೆ ಒಂದೇ ನಾರು. ಹೀಗೆ ಸೀಳಿದ ಕಡ್ಡಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ತಿಂಗಳುಗಟ್ಟಲೆ ಹೊಗೆ ಕುಡಿಸುವುದು. ಆಮೇಲೆ ತೆಗೆದು ಉಳಿಯಿಂದ ಎಂಟು ಮೂಲೆ ಬರುವಂತೆ ಕೆತ್ತುವುದು. ದುಂಡಗೆ ಮಾಡುತ್ತಿರಲಿಲ್ಲ. ದುಂಡು ತೂತಿಗೆ ಎಂಟು ಮೂಲೆಯ ಬೆಣೆ ಹೋದರೆ ಆ ಎಂಟು ಅಂಚುಗಳು ಮರವನ್ನು ಕಚ್ಚುತ್ತವೆ. ದುಂಡಗಿದ್ದದ್ದು ಜಾರಿ ಹೋದ ಹಾಗೆಯೇ ಜಾರಿ ಬರುತ್ತದೆ.

ತೂತು ಕೊರೆಯುವುದರಲ್ಲಿ ಇನ್ನೊಂದು ಗುಟ್ಟು. ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಕಂಬದ ಕಂಡಿಯೊಳಗೆ ಕೂರಿಸುತ್ತಾರೆ. ಕಂಬದಲ್ಲಿ ಬೈರಿಗೆ ಹಾಕಿ ತೂತು ಕೊರೆದಾದ ಮೇಲೆ ನಾಲಿಗೆಯ ಮೇಲೆ ಗುರುತು ಮಾಡಿಕೊಂಡು ತೊಲೆಯನ್ನು ಹೊರಗೆ ಎಳೆಯುತ್ತಾರೆ. ಈಗ ನಾಲಿಗೆಗೆ ತೂತು ಹಾಕಬೇಕಾದ್ದು ಗುರುತಿನ ಮೇಲೆ ಅಲ್ಲ. ಅದರಿಂದ ಒಂದು ಎಳ್ಳುಕಾಳಿನಷ್ಟು ತೊಲೆಯ ಕಡೆಗೆ ಸರಿಸಿ. ಮತ್ತೆ ಕೂರಿಸಿದಾಗ ಎರಡು ತೂತು ಸರಿಯಾಗಿ ಕೂಡುವುದಿಲ್ಲ. ಚೂಪು ತುದಿಯ ಬೆಣೆಯನ್ನು ಕೊಡತಿಯಿಂದ ಹೊಡೆದರೆ ಅದು ಬಳುಕಿಕೊಂಡು ಒಳಗೆ ಹೋಗುತ್ತಾ ತೊಲೆಯನ್ನು ಕಂಬಕ್ಕೆ ಎಳೆದು ಕೂರಿಸುತ್ತದೆ. ಆಮೇಲೆ ಅಜ್ಜ ಅದರ ಮೇಲೆ ಕೈಯಾಡಿಸಿ ಕಂಬಕ್ಕೆ ಕಿವಿ ಕೊಟ್ಟು ಬೆರಳಿನ ಗಿಣ್ಣಿನಿಂದ ಬಡಿದು ಕೇಳುತ್ತಿದ್ದ. ಏನು ಕೇಳುತ್ತಿತ್ತೋ, ನನಗಂತೂ ಎಲ್ಲ ಒಂದೇ ಶಬ್ದ.

ಕಂಬ ಸ್ವಲ್ಪ ಹಸಿ ಇರುವಾಗಲೇ ಈ ಕೆಲಸ ಮುಗಿಯಬೇಕು. ಬೆಣೆ ಒಣಗಿದ್ದು, ಕಂಬ ಹಸಿ. ವರ್ಷ ಕಳೆದಂತೆ ಕಂಬ ಒಣಗಿ ಬೆಣೆಯನ್ನು ಮುಷ್ಟಿ ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ಇವತ್ತು ಸ್ಕ್ರೂವಿನ ಸುತ್ತುಗಳು ಮಾಡುವ ಕೆಲಸವನ್ನು ಆಗ ಎರಡು ಮರಗಳ ನಡುವಿನ ತೇವದ ವ್ಯತ್ಯಾಸ ಮಾಡುತ್ತಿತ್ತು. ಬಾಗಿಲ ಹಲಗೆಗಳನ್ನು ಕೂಡಿಸಲು ಬಿದಿರಿನ ಸಣ್ಣ ಮೊಳೆ. ಬಾಗಿಲಿಗೆ ತಿರುಗಣೆ, ತಿಜಾಗರಿ ಅಲ್ಲ. ಒಟ್ಟಾರೆ ಮನೆಯ ಮೈಯಲ್ಲಿ ಕಬ್ಬಿಣ ಎಂದರೆ ಬಾಗಿಲ ಚಿಲಕ, ಅಷ್ಟೇ.

ಕಬ್ಬಿಣ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಕಮ್ಮಾರನ ಕುಲುಮೆ ಊರೂರಿಗೂ ಇತ್ತು, ನೇಗಿಲ ಗುಳ, ಕತ್ತಿ, ಗಾಡಿಯ ಹಳಿ ಅಲ್ಲೇ ಆಗುತ್ತಿದ್ದವು. ಮೊಳೆಯನ್ನು ಒಂದೊಂದಾಗಿ ಬಡಿದು ಮಾಡಬೇಕು, ದುಬಾರಿ, ನಿಜ. ಆದರೆ ಅಜ್ಜ ಹೇಳುತ್ತಿದ್ದ ಕಾರಣ ದುಡ್ಡಿನದಲ್ಲ: "ಮತ್ತಿಗೆ ಕಬ್ಬಿಣ ಆಗೋದಿಲ್ಲ."

ಇದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಶಾಯಿಯ ಮೂಲಕ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರಲ್ಲ, ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿ ಅಳಿಸಲಾಗದ ಕಪ್ಪಾಗುತ್ತದೆ. ಅಳಲೆ, ಮತ್ತಿ, ತಾರೆ ಎಲ್ಲ ಒಂದೇ ಕುಲದ ಮರಗಳು. ಮತ್ತಿಯ ಮೈಯಲ್ಲೂ ಅದೇ ಒಗರು. ಮಳೆಗಾಲದಲ್ಲಿ ತೇವ ಕುಡಿದ ಮತ್ತಿಗೆ ಮೊಳೆ ಹೊಡೆದರೆ ಮರದೊಳಗೇ ಶಾಯಿ ತಯಾರಾಗುತ್ತದೆ! ಮೊಳೆಯ ಸುತ್ತ ಮೊದಲು ಕಪ್ಪು ಕಲೆ, ಆಮೇಲೆ ತುಕ್ಕು, ತುಕ್ಕು ಉಬ್ಬಿ ಬಿರುಕು, ಬಿರುಕಿಗೆ ನೀರು. ತುಕ್ಕಿನ ಸಹವಾಸದಲ್ಲಿ ಸುತ್ತಲಿನ ಮರವೂ ಮೆತ್ತಗಾಗಿ ಪುಡಿಯಾಗುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಮೊಳೆ ಸೂಜಿಯಷ್ಟಾಗಿರುತ್ತದೆ, ತೂತು ಹೆಬ್ಬೆರಳಷ್ಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಂಥ ಸೀಮೆಯವರು ಕಬ್ಬಿಣದ ಬಗ್ಗೆ ಅನುಮಾನ ಇಟ್ಟುಕೊಂಡದ್ದರಲ್ಲಿ ಮೂಢನಂಬಿಕೆ ಏನೂ ಇಲ್ಲ.

ಮೂಢನಂಬಿಕೆ ಬೇಕಾದರೆ ಕಡಲಿಗೆ ಇಳಿಯಬೇಕು. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ಸಮುದ್ರಕ್ಕೆ ಹೋಗುವ ಹಡಗಿಗೆ ಕಬ್ಬಿಣ ಬಳಸಬಾರದು ಎಂಬ ಮಾತಿದೆ. ಕಡಲಲ್ಲಿರುವ ಸೂಜಿಗಲ್ಲಿನ ಬಂಡೆಗಳು ಕಬ್ಬಿಣವನ್ನು ಎಳೆದುಕೊಂಡು ಹಡಗು ನಾಶವಾಗುತ್ತದೆ ಅಂತ ಕಾರಣ. ಸೂಜಿಗಲ್ಲಿನ ಕಥೆ ಬಿಡಿ, ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದದ್ದು ಮಾತ್ರ ಸತ್ಯ. ಹದಿಮೂರನೆಯ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊ ಅವನ್ನು ಚೆನ್ನಾಗಿ ಬೈದಿದ್ದಾನೆ. ಇಟಲಿಯವನಿಗೆ ಮೊಳೆಯಿಲ್ಲದ ಹಡಗು ಹಡಗೇ ಅಲ್ಲ. ಆದರೆ ಅಲೆ ಬಡಿದಾಗ ಹೊಲಿದ ಹಲಗೆ ಬಳುಕುತ್ತದೆ, ಮೊಳೆ ಹೊಡೆದದ್ದು ಬಿರಿಯುತ್ತದೆ. ಒಂದು ಹಲಗೆ ಕೆಟ್ಟರೆ ಹೊಲಿಗೆ ಬಿಚ್ಚಿ ಅದೊಂದನ್ನೇ ಬದಲಿಸಬಹುದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗನ್ನು ಅಜಂತಾದ ಚಿತ್ರವೊಂದನ್ನು ನೋಡಿ ಹೀಗೇ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ್ದಾರೆ. ಟೀವಿಯಲ್ಲಿ ನೋಡಿದಾಗ ಅಜ್ಜ ಇರಬೇಕಿತ್ತು ಅನ್ನಿಸಿತು.

ನಮ್ಮ ಕಡೆಗೆ ಮೊಳೆಯನ್ನು ಮೂಟೆಗಟ್ಟಲೆ ತಂದದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಆ ಹಂಚು ಎಷ್ಟು ಮೊಳೆ ತಿಂದಿತು ಅಂತ ಯಾರೂ ಬರೆಯುವುದಿಲ್ಲ. ಅದಕ್ಕೂ ಮೊದಲು ಮಲೆನಾಡಿನಲ್ಲಿ ಇದ್ದದ್ದು ಸೋಗೆಯ ಮನೆ, ಉಳ್ಳವರಿಗೆ ನಾಡಹಂಚು. ಅಡಕೆ ದಬ್ಬೆಗಳನ್ನು ಬಳ್ಳಿಯಿಂದ, ಹುರಿಯಿಂದ ಕಟ್ಟಿದರೆ ಆಯಿತು. ಒಂದು ದಬ್ಬೆ ಎರಡು ಬೆರಳು ಆಚೀಚೆ ಆದರೂ ಸೋಗೆಗೆ ಏನೂ ಅಲ್ಲ. ಮಂಗಳೂರು ಹಂಚು ಹಾಗಲ್ಲ. ಅಚ್ಚಿನಿಂದ ಬಂದ ಹಂಚಿಗೆ ಅಚ್ಚುಕಟ್ಟಾದ ರೀಪು ಬೇಕು, ಒಂದಡಿಗೆ ಸ್ವಲ್ಪ ಹೆಚ್ಚಿನ ಅಂತರದಲ್ಲಿ, ಎಲ್ಲ ಸಾಲೂ ಒಂದೇ ಸಮ. ಒಂದು ರೀಪು ಜಾರಿದರೆ ಆ ಸಾಲಿನ ಹಂಚೆಲ್ಲ ಬಾಯಿ ಬಿಡುತ್ತದೆ.

ಬೇಕಾದರೆ ಲೆಕ್ಕ ಹಾಕಿ. ಮೂವತ್ತಡಿ ಉದ್ದ, ಹದಿನೈದಡಿ ಇಳಿಜಾರಿನ ಒಂದು ಮಾಡು. ಎರಡಡಿಗೊಂದು ಪಕಾಸಿ ಹಾಕಿದರೆ ಹದಿನಾರು ಪಕಾಸಿ, ಹದಿನೈದು ಸಾಲು ರೀಪು. ಕೂಡುವಲ್ಲೆಲ್ಲ ಒಂದೊಂದು ಮೊಳೆ ಎಂದರೆ 240. ಅದು ಬರೀ ಒಂದು ಪಕ್ಕ. ಇಷ್ಟಕ್ಕೂ ಜಂಬೆಯ ಬೆಣೆ ಕೆತ್ತುತ್ತಾ ಕೂತರೆ ಮಳೆಗಾಲ ಬಂದು ಹೋಗಿರುತ್ತದೆ. ಅಷ್ಟರಲ್ಲಿ ತಂತಿ ಕತ್ತರಿಸಿ ಯಂತ್ರದಲ್ಲಿ ಮೊಳೆ ಮಾಡುವುದು ಯುರೋಪಿನಲ್ಲಿ ರೂಢಿಯಾಗಿತ್ತು, ಬೆಲೆ ಇಳಿದಿತ್ತು. ಹಂಚು ಘಟ್ಟ ಹತ್ತಿತು, ಹಿಂದೆಯೇ ಗೋಣಿಚೀಲದಲ್ಲಿ ಮೊಳೆಯೂ ಹತ್ತಿತು. ಅಜ್ಜನೂ ಮಾಡಿನ ಮೇಲೆ ಮೊಳೆ ಹೊಡೆದ. ಆದರೆ ತೊಲೆ, ಕಂಬ, ಬೋದಿಗೆಗೆ ಕೊನೆಯವರೆಗೂ ಬೆಣೆಯೇ. ಮಾಡು ಎಂದರೆ ಬಟ್ಟೆ, ಕಂಬ ಎಂದರೆ ಮೂಳೆ ಎಂಬುದು ಅವನ ವಾದ.

ಸ್ಕ್ರೂವಿನ ಕಥೆ ಬೇರೆ. ಅದಕ್ಕೆ ಈ ನೆಲದಲ್ಲಿ ಬೇರು ಇಲ್ಲ, ಹಡಗಿನಲ್ಲೇ ಬಂದದ್ದು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಜಾಬ್ ಮತ್ತು ವಿಲಿಯಂ ವ್ಯಾಟ್ ಎಂಬ ಸೋದರರು 1760ರಲ್ಲಿ ಮರದ ಸ್ಕ್ರೂ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಸುತ್ತುಗಳನ್ನು ಅರದಿಂದ ಕೈಯಲ್ಲೇ ಉಜ್ಜಿ ಮಾಡಬೇಕಿತ್ತು. ಆದರೂ ಮುಂದಿನ ಎಂಬತ್ತು ತೊಂಬತ್ತು ವರ್ಷ ಸ್ಕ್ರೂವಿಗೆ ಒಂದು ದೊಡ್ಡ ಊನ ಇತ್ತು: ತುದಿ ಮೊಂಡು. ಬೆರಳಿನ ತುದಿಯ ಹಾಗೆ. ಎಷ್ಟು ಉದ್ದದ ಸ್ಕ್ರೂವೋ ಅಷ್ಟೂ ಆಳ ತೂತು ಕೊರೆದ ಮೇಲೆಯೇ ಅದು ಒಳಗೆ ಹೋಗುವುದು. ಚೂಪು ತುದಿಯ, ತಾನೇ ದಾರಿ ಮಾಡಿಕೊಂಡು ಹೋಗುವ ಸ್ಕ್ರೂವನ್ನು ಯಂತ್ರದಲ್ಲಿ ಮಾಡುವ ವಿಧಾನಕ್ಕೆ 1846ರಲ್ಲಿ ಅಮೆರಿಕದ ಥಾಮಸ್ ಸ್ಲೋನ್ ಪೇಟೆಂಟ್ ಪಡೆದ. ಇಂಗ್ಲೆಂಡಿನಲ್ಲಿ ಅದರ ಹಕ್ಕು ಕೊಂಡವನು ಬರ್ಮಿಂಗ್‌ಹ್ಯಾಮಿನ ಜಾನ್ ಸಟನ್ ನೆಟಲ್‌ಫೋಲ್ಡ್. ದುಡ್ಡು ಸಾಲದೆ ತನ್ನ ಭಾವನೆಂಟ ಚೇಂಬರ್ಲೇನ್‌ನನ್ನು ಪಾಲಿಗೆ ಸೇರಿಸಿಕೊಂಡ. ಚೇಂಬರ್ಲೇನ್ ಲೆಕ್ಕಪತ್ರ ನೋಡಿಕೊಳ್ಳಲು ಹದಿನೆಂಟು ವರ್ಷದ ಮಗ ಜೋಸೆಫ್‌ನನ್ನು 1854ರಲ್ಲಿ ಲಂಡನ್ನಿನಿಂದ ಕಳಿಸಿದ. ಆ ಹುಡುಗ ಇಪ್ಪತ್ತು ವರ್ಷ ಸ್ಕ್ರೂ ಮಾರಿ ಶ್ರೀಮಂತನಾಗಿ, ಆಮೇಲೆ ರಾಜಕೀಯಕ್ಕೆ ಹೋಗಿ, 1895ರಲ್ಲಿ ಬ್ರಿಟನ್ನಿನ ವಸಾಹತು ಮಂತ್ರಿಯಾದ. ಅವನ ಮಗ ನೆವಿಲ್ ಹಿಟ್ಲರನ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡ ಪ್ರಧಾನಿ. ಅಂಗಡಿಯಲ್ಲಿ ಕೂತು ಸ್ಕ್ರೂ ಎಣಿಸುವಾಗ ನನಗೆ ಇದು ಆಗಾಗ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಮೂರು ತಲೆಮಾರಿನಿಂದ ಮಂತ್ರಿ ಯಾರೂ ಆಗಲಿಲ್ಲ.

1902ರಲ್ಲಿ ಆ ಕಂಪನಿ ಬೇರೆಯವರ ಜೊತೆ ಕೂಡಿ ಗೆಸ್ಟ್, ಕೀನ್ ಅಂಡ್ ನೆಟಲ್‌ಫೋಲ್ಡ್ಸ್ ಆಯಿತು. ಅದೇ ವಂಶದ ಗೆಸ್ಟ್ ಕೀನ್ ವಿಲಿಯಮ್ಸ್ ಹೌರಾದಲ್ಲಿ ಕಾರ್ಖಾನೆ ನಡೆಸಿತು. ಅಪ್ಪಯ್ಯ ಅಂಗಡಿ ತೆರೆದ ಹೊಸದರಲ್ಲಿ ಸ್ಕ್ರೂ ಬರುತ್ತಿದ್ದದ್ದು ರಟ್ಟಿನ ಪುಟ್ಟ ಪೆಟ್ಟಿಗೆಗಳಲ್ಲಿ, ಒಂದು ಪೆಟ್ಟಿಗೆಗೆ ಒಂದು ಗ್ರೋಸು, ಅಂದರೆ 144. ಮೀಟರು ಬಂದು ಬಹಳ ಕಾಲವಾದರೂ ಇವತ್ತಿಗೂ ಬಡಗಿಗಳು ಕೇಳುವುದು "ಒಂದೂವರೆ ಎಂಟು", "ಎರಡು ಹತ್ತು" ಅಂತಲೇ. ಮೊದಲಿನದು ಉದ್ದ, ಇಂಚಿನಲ್ಲಿ. ಎರಡನೆಯದು ದಪ್ಪದ ನಂಬರು. ಆ ನಂಬರಿಗೂ ಒಂದು ಸೂತ್ರ ಇದೆ: ಸೊನ್ನೆ ನಂಬರಿನ ಸ್ಕ್ರೂ 0.060 ಇಂಚು ದಪ್ಪ, ನಂಬರು ಒಂದೊಂದು ಏರಿದಂತೆ 0.013 ಇಂಚು ಕೂಡಬೇಕು. ಎಂಟು ನಂಬರು 0.164 ಇಂಚು, ನಾಲ್ಕು ಎಂಎಂಗಿಂತ ತುಸು ಹೆಚ್ಚು. ಇದನ್ನು ಅಪ್ಪಯ್ಯ ಬಾಯಿಪಾಠ ಮಾಡಿಸಿದ್ದ. ಶಾಲೆಯ ಮಗ್ಗಿ ಮರೆತಿದ್ದೇನೆ, ಇದು ಮರೆತಿಲ್ಲ.

ಬಡಗಿಗಳು ಸ್ಕ್ರೂವನ್ನು ತಿರುಗಿಸುವುದಕ್ಕಿಂತ ಬಡಿದದ್ದೇ ಹೆಚ್ಚು. ಮುಕ್ಕಾಲು ಭಾಗ ಸುತ್ತಿಗೆಯಿಂದ ಹೊಡೆದು, ಯಜಮಾನರು ನೋಡಲಿ ಅಂತ ಕೊನೆಯ ಎರಡು ಸುತ್ತು ಮಾತ್ರ ತಿರುಪುಳಿ. ಹಾಗೆ ಬಡಿದಾಗ ಸುತ್ತುಗಳು ಹಿಡಿಯಬೇಕಾದ ನಾರೆಲ್ಲ ಹರಿದುಹೋಗಿರುತ್ತದೆ. ದುಬಾರಿ ಸ್ಕ್ರೂ ಕೊಂಡು ಅಗ್ಗದ ಮೊಳೆ ಮಾಡಿಕೊಂಡ ಹಾಗೆ. ಅಪ್ಪಯ್ಯ ಹಾಗೆ ಬಡಿಯುವವರಿಗೆ ಸ್ಕ್ರೂ ಕೊಡುವಾಗ ಜೊತೆಗೆ ಒಂದು ತುಂಡು ಮೇಣದ ಬತ್ತಿ ಪುಕ್ಕಟೆ ಕೊಡುತ್ತಿದ್ದ. ಸ್ಕ್ರೂವಿನ ಸುತ್ತುಗಳಿಗೆ ಮೇಣ ಸವರಿದರೆ ಗಟ್ಟಿ ಮರದಲ್ಲೂ ಸುಲಭವಾಗಿ ತಿರುಗುತ್ತದೆ. ಸಾಬೂನು ಸವರುವವರೂ ಇದ್ದಾರೆ, ಅದು ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ. ಹಿತ್ತಾಳೆ ಸ್ಕ್ರೂ ಒಯ್ಯುವವರಿಗೆ ಅದೇ ಅಳತೆಯ ಒಂದು ಕಬ್ಬಿಣದ ಸ್ಕ್ರೂವನ್ನೂ ಪೊಟ್ಟಣಕ್ಕೆ ಹಾಕುತ್ತಿದ್ದ: ಮೊದಲು ಕಬ್ಬಿಣದ್ದನ್ನು ಹಾಕಿ ತೆಗೆದು ದಾರಿ ಮಾಡಿಕೊಳ್ಳಬೇಕು, ಆಮೇಲೆ ಮೆತ್ತನೆಯ ಹಿತ್ತಾಳೆ.

ಈಗ ಮುಳುಗಡೆಯ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ನಮ್ಮ ಸಾಗರದವರೇ ಆಗಿದ್ದ ನಾ. ಡಿಸೋಜ ಆ ಸಂಕಟವನ್ನು ಕಾದಂಬರಿಯಾಗಿ ಬರೆದರು. ನನಗೆ ಗೊತ್ತಿರುವುದು ಮನೆ ಬಿಚ್ಚಿದವರ ಕಡೆಯ ಕಥೆ. ಪರಿಹಾರದ ದುಡ್ಡಿನಲ್ಲಿ ಹೊಸ ಮರ ಕೊಳ್ಳಲಾಗದ ಜನ ಇದ್ದ ಮನೆಯನ್ನೇ ಬಿಚ್ಚಿ ಲಾರಿಗೆ ಹೇರಿದರು. ಅಜ್ಜ, ಅಪ್ಪಯ್ಯ ಇಬ್ಬರೂ ಎರಡು ಬೇಸಗೆ ಅದೇ ಕೆಲಸ ಮಾಡಿದರು. ಬೇಸಗೆಯಲ್ಲೇ ಆಗಬೇಕು, ಮಳೆಯಲ್ಲಿ ಮರ ಉಬ್ಬಿ ಕೂಡುಗಳು ಬಿಡುವುದಿಲ್ಲ.

ಮೊದಲು ಗುರುತು. ಉಳಿಯಿಂದ ಪ್ರತಿ ಕಂಬ, ಪ್ರತಿ ತೊಲೆಯ ತುದಿಗೂ ಒಂದು ಅಕ್ಷರ: ಮೂಡಲಿಗೆ ಮೂ, ಪಡುವಲಿಗೆ ಪ, ಬಡಗಲಿಗೆ ಬ, ತೆಂಕಲಿಗೆ ತೆಂ. ಪಕ್ಕದಲ್ಲಿ ಅಡ್ಡಗೀಟು, ಒಂದು, ಎರಡು, ಮೂರು. ಕಂಬಕ್ಕೂ ಅದಕ್ಕೆ ಕೂಡುವ ತೊಲೆಗೂ ಒಂದೇ ಗುರುತು. ಆಮೇಲೆ ಹಂಚು, ರೀಪು, ಪಕಾಸಿ. ಕೊನೆಗೆ ಬೆಣೆ. ಸಣ್ಣ ಮೊನೆಯ ಕಡೆಯಿಂದ ಜಂಬೆಯ ಕಡ್ಡಿಯೊಂದನ್ನು ಇಟ್ಟು ಕೊಡತಿಯಿಂದ ಮೂರು ಪೆಟ್ಟು. ನೂರು ವರ್ಷದ ಬೆಣೆ ಇನ್ನೊಂದು ಕಡೆಯಿಂದ ನೆಟ್ಟಗೆ ಹೊರಗೆ ಬರುತ್ತಿತ್ತಂತೆ, ಒಳಗಿದ್ದ ಭಾಗ ಬೆಲ್ಲದ ಬಣ್ಣ, ಮೂಲೆಗಳು ಸವೆದು ಮಿರುಗುತ್ತಿದ್ದವಂತೆ. ಮೊಳೆ ಹೊಡೆದ ಜಾಗಗಳಲ್ಲಿ ಬೇರೆ ಕಥೆ. ರೀಪು ಸೀಳಿ ಒಲೆಗೆ ಹೋಯಿತು. ಇತ್ತೀಚೆಗೆ ಮೊಳೆ ಜಡಿದು ಎಬ್ಬಿಸಿದ್ದ ಜಗಲಿಗಳಲ್ಲಿ ಅರ್ಧ ಮರ ಹಾರೆಯ ಪೆಟ್ಟಿಗೇ ಕೆಟ್ಟಿತು. ಹಳೆಯ ಭಾಗ ಲಾರಿ ಹತ್ತಿತು, ಹೊಸ ಭಾಗ ಅಲ್ಲೇ ಉಳಿಯಿತು. ಅಪ್ಪಯ್ಯ ಈ ಮಾತನ್ನು ಎಷ್ಟು ಸಲ ಹೇಳಿದ್ದಾನೋ. ವಿಚಿತ್ರ ನೋಡಿ, ಇಷ್ಟೆಲ್ಲ ಕಂಡವನೇ ನಾಲ್ಕು ವರ್ಷಕ್ಕೆ ಮೊಳೆಯ ಅಂಗಡಿ ಇಟ್ಟ. ಕೇಳಿದರೆ "ಬೆಣೆ ಕೆತ್ತಿ ನಿಮ್ಮನ್ನೆಲ್ಲ ಸಾಕೋಕಾಗ್ತಿತ್ತಾ?" ಅನ್ನುತ್ತಿದ್ದ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪರಂಪರೆಯ ಹಳ್ಳಿಗೆ ಹೋದಾಗ ಕುಂಜೂರಿನ ಚೌಕಿ ಮನೆಯ ಕಂಬಗಳನ್ನು ಮುಟ್ಟಿ ನೋಡಿದೆ. ಅದೂ ಬೇರೆ ಕಡೆಯಿಂದ ಬಿಚ್ಚಿ ತಂದು ನಿಲ್ಲಿಸಿದ್ದು. ಜೊತೆಗಿದ್ದವರು ಕೆತ್ತನೆ ನೋಡುತ್ತಿದ್ದರೆ ನಾನು ತೊಲೆಯ ಸಂದುಗಳಲ್ಲಿ ಬೆಣೆಯ ತಲೆ ಹುಡುಕುತ್ತಿದ್ದೆ.

ನನ್ನ ಕಾಲಕ್ಕೆ ಎಲ್ಲ ವೇಗವಾಯಿತು. ಒಂದು ಗೀಟಿನ ತಲೆ ಹೋಗಿ ನಾವು ಸ್ಟಾರ್ ಅನ್ನುವ ತಲೆ ಬಂತು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಮಾಡಿಸಿದ್ದು ನಮ್ಮೂರಿನ ಬಡಗಿಯ ಕೈಗೆ ಬರಲು ಐವತ್ತು ವರ್ಷ ಬೇಕಾಯಿತು. ಪ್ಲೈವುಡ್ ಬಂತು, ಬ್ಯಾಟರಿ ಡ್ರಿಲ್ ಬಂತು, ಜಿಪ್ಸಂ ಸೀಲಿಂಗ್ ಬಂತು. ಜಿಪ್ಸಂ ಹಲಗೆಗೆಂದು ಮಾಡಿದ ಕಪ್ಪು ಸ್ಕ್ರೂ ಬಂತು. ತೆಳ್ಳಗೆ, ಚೂಪು, ಅಗ್ಗ, ಒತ್ತಿದರೆ ಸಾಕು ಒಳಗೆ. ಬಡಗಿಗಳು ಎಲ್ಲದಕ್ಕೂ ಅದನ್ನೇ ಹಾಕತೊಡಗಿದರು. ನಾನೂ ಮಾರಿದೆ, ಮಾರಿದ್ದಷ್ಟೇ ಅಲ್ಲ, ನಮ್ಮ ಮನೆಗೂ ಹಾಕಿದೆ.

ಅಡಿಕೆ ಚೀಲ, ತಾಮ್ರದ ಹಂಡೆ ಇಡಲು ಹಿಂದಿನ ಕೋಣೆಯಲ್ಲಿ ಒಂದು ಅಟ್ಟಣಿಗೆ ಮಾಡಿಸಿದ್ದೆ. ಗೋಡೆಯ ಮರಕ್ಕೆ ಪಟ್ಟಿ ಜೋಡಿಸಿ ಕಪ್ಪು ಸ್ಕ್ರೂ ಹನ್ನೆರಡು. ಒಂದು ರಾತ್ರಿ ಎರಡು ಗಂಟೆಗೆ ಟಪ್ ಅಂತ ಶಬ್ದ. ಎದ್ದು ಕೂತೆ. ಮತ್ತೆ ಟಪ್, ಟಪ್, ಟಪ್, ಪಟಾಕಿ ಸರ ಹೊತ್ತಿದ ಹಾಗೆ. ಆಮೇಲೆ ಹಂಡೆ ಬಿದ್ದ ಸದ್ದಿಗೆ ಪಕ್ಕದ ಮನೆಯ ದೀಪವೂ ಹತ್ತಿತು. ಹೋಗಿ ನೋಡಿದರೆ ಪಟ್ಟಿಗೆ ಏನೂ ಆಗಿಲ್ಲ, ಗೋಡೆಯ ಮರಕ್ಕೂ ಏನಿಲ್ಲ. ಹನ್ನೆರಡೂ ಸ್ಕ್ರೂಗಳ ಕುತ್ತಿಗೆ ಕತ್ತರಿಸಿಟ್ಟ ಹಾಗೆ ಮುರಿದಿದ್ದವು. ಅಪ್ಪಯ್ಯ ಆಗ ಇದ್ದ. ಕೋಲೂರಿಕೊಂಡು ಬಂದು ಒಂದು ತಲೆಯನ್ನು ಎತ್ತಿ ದೀಪಕ್ಕೆ ಹಿಡಿದ. "ಮೊಳೆಯಾಗಿದ್ದರೆ ಬಾಗ್ತಿತ್ತು ಮಾರಾಯ. ನಾಲ್ಕು ದಿನ ಕಿರ್ ಕಿರ್ ಅಂತ ನರಳ್ತಿತ್ತು. ನಿಂಗೆ ಹೊತ್ತು ಸಿಗ್ತಿತ್ತು. ಇದು ಹೇಳದೆ ಕೇಳದೆ ಹೋಯ್ತು."

ಅಂದಿನಿಂದ ನಾನು ಗಟ್ಟಿ ಎಂಬ ಮಾತನ್ನು ಹಗುರವಾಗಿ ಆಡುವುದಿಲ್ಲ. ಕಪ್ಪು ಸ್ಕ್ರೂ ಗಟ್ಟಿಯೇ. ಕಾಯಿಸಿ ಗಡಸು ಮಾಡಿದ ಉಕ್ಕು, ಆದರೆ ಗಾಜಿನ ಗಟ್ಟಿತನ. ಅದರ ಕೆಲಸ ಜಿಪ್ಸಂ ಹಲಗೆಯನ್ನು ಹಿಡಿದಿಟ್ಟುಕೊಳ್ಳುವುದು, ಮೇಲಿನಿಂದ ಅಡ್ಡ ಭಾರ ಹೊರುವುದಲ್ಲ. ಹಳೆಯ ಮೆತ್ತನೆ ಉಕ್ಕಿನ ಸ್ಕ್ರೂ ಬಾಗಿ ಉಳಿಯುತ್ತದೆ, ಆದರೆ ತಿರುಗಿಸುವಾಗಲೇ ತಲೆ ಸವೆಯುತ್ತದೆ. ಆ ಹುಡುಗ ತೋರಿಸಿದ ಸ್ಟ್ರಕ್ಚರಲ್ ಸ್ಕ್ರೂ ಇವೆರಡರ ಜಗಳ ಬಿಡಿಸಲು ಹುಟ್ಟಿದ್ದು: ಮೈ ಗಡಸು, ಆದರೂ ಮುರಿಯುವ ಮೊದಲು ಒಂದಿಷ್ಟು ಬಾಗಬೇಕು, ಬಾಗಿಸಿ ಪರೀಕ್ಷೆ ಮಾಡುತ್ತಾರೆ. ಮೇಲಿನ ಅರ್ಧ ನುಣುಪು, ಕೆಳಗಿನ ಅರ್ಧಕ್ಕೆ ಮಾತ್ರ ಸುತ್ತು. ನುಣುಪು ಭಾಗ ಮೇಲಿನ ಮರದಲ್ಲಿ ಸುಮ್ಮನೆ ಜಾರುತ್ತದೆ, ಸುತ್ತು ಕೆಳಗಿನ ಮರವನ್ನು ಕಚ್ಚಿ ಮೇಲಕ್ಕೆ ಎಳೆಯುತ್ತದೆ. ಎರಡೂ ಮರದಲ್ಲಿ ಸುತ್ತು ಇದ್ದರೆ ನಡುವೆ ಬಿಟ್ಟ ಸಂದು ಹಾಗೇ ಉಳಿಯುತ್ತದೆ. ಎಳ್ಳುಕಾಳಿನಷ್ಟು ಸರಿಸಿ ತೂತು ಕೊರೆದು ಅಜ್ಜ ಮಾಡುತ್ತಿದ್ದದ್ದೂ ಇದೇ ಕೆಲಸ.

ಎಂಥ ಸ್ಕ್ರೂ ತಂದರೂ ಮರದ ತಲೆಗೆ, ಅಂದರೆ ಕೊಯ್ದ ತುದಿಗೆ, ನಾರಿನ ಜಾಡಿನಲ್ಲೇ ಹಾಕಿದರೆ ಹಿಡಿತ ಕಡಿಮೆ. ಕಟ್ಟಿದ ಪೊರಕೆಯ ತುದಿಯಿಂದ ಕಡ್ಡಿಗಳ ನಡುವೆ ಮೊಳೆ ಚುಚ್ಚಿದರೆ ಏನು ಹಿಡಿಯುತ್ತದೆ? ಅಡ್ಡಕ್ಕೆ ಚುಚ್ಚಿದರೆ ಹಿಡಿಯುತ್ತದೆ. ಮರದ ಪರೀಕ್ಷೆಗೆ ಇರುವ ಭಾರತೀಯ ಮಾನಕ ಐಎಸ್ 1708ರಲ್ಲೂ ಮೊಳೆ, ಸ್ಕ್ರೂಗಳ ಹಿಡಿತವನ್ನು ಪಕ್ಕದ ಮುಖದಲ್ಲಿ ಬೇರೆ, ತುದಿಯ ಮುಖದಲ್ಲಿ ಬೇರೆ ಅಳೆಯುತ್ತಾರೆ. ಹೊರಗೆ ಮಳೆಗೆ ಒಡ್ಡುವ ಕೆಲಸಕ್ಕೆ ಹಳದಿ ಲೇಪನವನ್ನೂ ನಾನು ನಂಬುವುದಿಲ್ಲ, ಮತ್ತಿಗಂತೂ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಸ್ಟೇನ್‌ಲೆಸ್ ತುಸು ಮೆತ್ತಗೆ, ಆದ್ದರಿಂದ ಅಲ್ಲೂ ಮೊದಲು ತೂತು. ಸುತ್ತಿ ಸುತ್ತಿ ಅಲ್ಲಿಗೇ ಬಂದೆ.

ಇಷ್ಟನ್ನೂ ಆ ಹುಡುಗನಿಗೆ ಹೇಳಲಿಲ್ಲ. ಕಾಲು ಭಾಗ ಹೇಳುವಷ್ಟರಲ್ಲಿ ಅವನು ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೆಗೆದು, "ಹಾಗಾದ್ರೆ ಇದೇನು ನೋಡಿ, ತೊಲೆ ತುದೀಲಿ ಏನೋ ಕೊರೆದಿದೆ" ಅಂದ. ಕನ್ನಡಕ ಹಾಕಿಕೊಂಡು ನೋಡಿದೆ. ಕಪ್ಪು ಮರದ ಮೇಲೆ ಉಳಿಯ ಗೀಟು: ತೆಂ, ಪಕ್ಕದಲ್ಲಿ ಮೂರು ಅಡ್ಡಗೀಟು.

ಅಜ್ಜನ ಕೈಯೇ ಅಂತ ಹೇಳಲಾರೆ. ಆಗ ಆ ಕೆಲಸ ಮಾಡಿದ ಆಚಾರಿಗಳು ಬಹಳ ಜನ, ಗುರುತು ಹಾಕುವ ಕ್ರಮ ಎಲ್ಲರದೂ ಹೆಚ್ಚು ಕಡಿಮೆ ಒಂದೇ. ಆದರೂ ಮರುದಿನ ಸ್ಕೂಟರ್ ತೆಗೆದುಕೊಂಡು ಹೋದೆ. ಶಾಮಿಯಾನದ ಕೆಳಗೆ ತೊಲೆಗಳನ್ನು ಒಟ್ಟಿದ್ದರು. ಬಿಚ್ಚಿದವರು ಗರಗಸ ತಾಗಿಸಿರಲಿಲ್ಲ, ನಾಲಿಗೆಗಳೆಲ್ಲ ಹಾಗೇ ಇದ್ದವು, ತೂತುಗಳೂ. ಒಂದು ಸಿಮೆಂಟ್ ಚೀಲದಲ್ಲಿ ಬೆಣೆಗಳನ್ನು ತುಂಬಿ ಸೌದೆಯ ರಾಶಿಯ ಪಕ್ಕ ಇಟ್ಟಿದ್ದರು. ಕೈ ಹಾಕಿ ಒಂದನ್ನು ತೆಗೆದೆ. ಎಂಟು ಮೂಲೆ.

"ತೊಲೆ ಕಂಬ ಕೂಡುವಲ್ಲಿ ಇದನ್ನೇ ಹೊಡಿ ಮಾರಾಯ, ಮುಕ್ಕಾಗಿದ್ದಕ್ಕೆ ಹೊಸದು ಕೆತ್ತಿಸು. ನಿನ್ನ ಸ್ಕ್ರೂ ಮೇಲಿನ ಪಕಾಸಿಗೆ ಸಾಕು" ಅಂದೆ.

"ಎಷ್ಟು ಬೇಕಾಗಬಹುದು?"

ಇಬ್ಬರೂ ಕೂತು ಎಣಿಸಿದೆವು. ಇನ್ನೂರು ಇದ್ದದ್ದು ಅರವತ್ತನಾಲ್ಕಕ್ಕೆ ಇಳಿಯಿತು. ನನ್ನ ವ್ಯಾಪಾರ ನಾನೇ ಕೆಡಿಸಿಕೊಂಡೆ ಅಂತ ಮನೆಯಲ್ಲಿ ಬೈದರು. ಸಂಜೆ ಅವನು ಅಂಗಡಿಗೆ ಬಂದು ಅರವತ್ತನಾಲ್ಕು ಸ್ಕ್ರೂ, ನಾಲ್ಕು ಎಂಎಂ ಬೈರಿಗೆ ಕಡ್ಡಿ ಎರಡು ಒಯ್ದ. ಮೇಣದ ಬತ್ತಿಗೆ ದುಡ್ಡು ಹಿಡಿಯಲಿಲ್ಲ.